ದುಃಖದಲ್ಲಿರುವ ಮಕ್ಕಳ ಶಿಬಿರದಲ್ಲಿ ತಂಡದ ಹೊಣೆ: ವಿನಯದಿಂದ ಮುನ್ನಡೆಸುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದವರು, ಈಗ ಸಿಯಾಟಲ್ ಸಮೀಪ)

ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವನು, ಹದಿನಾರು ವರ್ಷಗಳಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದೇನೆ. ತಂದೆ, ತಾಯಿ ಅಥವಾ ಒಡಹುಟ್ಟಿದವರನ್ನು ಕಳೆದುಕೊಂಡ ಮಕ್ಕಳಿಗಾಗಿ ಇಲ್ಲಿ ನಡೆಯುವ ವಾರಾಂತ್ಯದ ಶಿಬಿರವೊಂದರಲ್ಲಿ ನಾಲ್ಕು ವರ್ಷಗಳಿಂದ ಸ್ವಯಂಸೇವಕನಾಗಿದ್ದೇನೆ. ಈ ವರ್ಷದ ಆಗಸ್ಟ್ ಶಿಬಿರದಲ್ಲಿ ಒಂದು ಕ್ಯಾಬಿನ್ನಿನ ಹೊಣೆಯನ್ನು, ಅಂದರೆ ಒಂಬತ್ತರಿಂದ ಹನ್ನೊಂದು ವರ್ಷದ ಹತ್ತು ಹುಡುಗರನ್ನೂ ಅವರ ಜೊತೆಗಿರುವ ಆರು ಮಂದಿ ಸ್ವಯಂಸೇವಕರನ್ನೂ ನೋಡಿಕೊಳ್ಳುವ ಕೆಲಸವನ್ನು, ನನಗೆ ವಹಿಸಿದ್ದಾರೆ. ಒಪ್ಪಿಕೊಂಡ ದಿನದಿಂದ ಒಂದು ಅಳುಕು ನನ್ನನ್ನು ಬಿಟ್ಟಿಲ್ಲ. ಇಲ್ಲಿನ ಗೆಳೆಯರೊಡನೆ ಇಂಗ್ಲಿಷಿನಲ್ಲಿ ಮಾತನಾಡಿದಾಗ ಆ ಅಳುಕು ಒಂದು ನಿರ್ವಹಣಾ ಸಮಸ್ಯೆಯಂತೆ ಕೇಳಿಸುತ್ತದೆ. ಕನ್ನಡದಲ್ಲಿ ಬರೆದರೆ ಅದರ ಬೇರು ಸಿಕ್ಕೀತು ಎಂಬ ಆಸೆಯಿಂದ ಇಲ್ಲಿ ಕೇಳುತ್ತಿದ್ದೇನೆ.

ಇಂಥ ಶಿಬಿರಗಳ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ರಾಜ್ಯದ ಎವರೆಟ್ ಎಂಬ ಊರಿನಲ್ಲಿ 2002ರಲ್ಲಿ 'ಕ್ಯಾಂಪ್ ಎರಿನ್' ಎಂಬ ಶಿಬಿರ ಮೊದಲ ಬಾರಿಗೆ ನಡೆಯಿತು. ಸಿಯಾಟಲ್ ತಂಡದ ಬೇಸ್‌ಬಾಲ್ ಆಟಗಾರರಾಗಿದ್ದ ಜೇಮೀ ಮೋಯರ್ ಮತ್ತು ಅವರ ಪತ್ನಿ ಕ್ಯಾರನ್, ಕ್ಯಾನ್ಸರಿನಿಂದ ತೀರಿಕೊಂಡ ಎರಿನ್ ಎಂಬ ಹದಿಹರೆಯದ ಹುಡುಗಿಯ ನೆನಪಿನಲ್ಲಿ ಅದಕ್ಕೆ ನೆರವಾದರು. 6ರಿಂದ 17 ವರ್ಷದ ಮಕ್ಕಳಿಗಾಗಿರುವ ಆ ಶಿಬಿರಕ್ಕೆ ಶುಲ್ಕವಿಲ್ಲ. ನಾನು ಹೋಗುವ ಶಿಬಿರ ಬೇರೆಯದಾದರೂ ಕ್ರಮ ಹೆಚ್ಚುಕಡಿಮೆ ಅದೇ. ಶುಕ್ರವಾರ ಸಂಜೆ ಮಕ್ಕಳು ತಮ್ಮನ್ನು ಅಗಲಿದವರ ಒಂದು ಫೋಟೊ ತಂದು ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಅಂಟಿಸುತ್ತಾರೆ. ಶನಿವಾರ ಈಜು, ದೋಣಿ, ಚಿತ್ರ ಬಿಡಿಸುವುದು, ನಡುನಡುವೆ ವೃತ್ತಾಕಾರದಲ್ಲಿ ಕುಳಿತು ಮಾತು. ರಾತ್ರಿ ತಾವೇ ಮಾಡಿದ ಕಾಗದದ ದೀಪಗಳನ್ನು ಕೆರೆಯ ಮೇಲೆ ತೇಲಿ ಬಿಡುತ್ತಾರೆ. ಭಾನುವಾರ ಮಧ್ಯಾಹ್ನ ಮನೆಯವರು ಬಂದು ಕರೆದೊಯ್ಯುತ್ತಾರೆ.

ಕಳೆದ ವರ್ಷ ನನ್ನಿಂದ ಒಂದು ತಪ್ಪಾಯಿತು. ನನ್ನ ಜೊತೆಗಿದ್ದ ಒಂಬತ್ತು ವರ್ಷದ ಹುಡುಗ ತಂದೆಯನ್ನು ಕಳೆದುಕೊಂಡಿದ್ದ. ಶುಕ್ರವಾರವಿಡೀ ಅವನು ಮಾತನಾಡಲಿಲ್ಲ, ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಹಾರಿಸುತ್ತಿದ್ದ. ಶನಿವಾರ ಬೆಳಿಗ್ಗೆ ವೃತ್ತದಲ್ಲಿ ಕುಳಿತಾಗಲೂ ಅವನ ಸರದಿ ಮೌನದಲ್ಲೇ ದಾಟಿತು. ಆ ಮೌನವನ್ನು ಒಡೆಯಬೇಕೆಂಬ ಆತುರದಲ್ಲಿ ನಾನು ನನ್ನ ತಂದೆಯ ಕತೆ ಹೇಳತೊಡಗಿದೆ. ಅವರು ತೀರಿಕೊಂಡಾಗ ನಾನು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ನೋಡಲು ಆಗಲಿಲ್ಲ. ಅದನ್ನು ಹೇಳುತ್ತ ಹೇಳುತ್ತ ನನಗೆ ಗೊತ್ತಿಲ್ಲದೆ ಅತ್ತುಬಿಟ್ಟೆ. ಆಗ ಆ ಹುಡುಗ ಎದ್ದು ಬಂದು ನನ್ನ ಬೆನ್ನು ಸವರಿದ. ಉಳಿದ ಮಕ್ಕಳೂ ನನ್ನ ಕಡೆಗೆ ತಿರುಗಿದರು. ಆ ಗಳಿಗೆಯಲ್ಲಿ ಏನೋ ದೊಡ್ಡದು ನಡೆಯಿತೆಂದು ನಾನು ಹಿಗ್ಗಿದೆ.

ಸಂಜೆ ನಮ್ಮ ತಂಡದ ಒಬ್ಬ ಸ್ವಯಂಸೇವಕಿ ನನ್ನನ್ನು ಪಕ್ಕಕ್ಕೆ ಕರೆದಳು. ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿ, ಚಿಕ್ಕಂದಿನಲ್ಲಿ ಇದೇ ಶಿಬಿರಕ್ಕೆ ಮಗುವಾಗಿ ಬಂದಿದ್ದವಳು. ಅವಳು ಹೇಳಿದ್ದು ಇಷ್ಟೇ: "ಇವತ್ತು ಆ ಹುಡುಗ ನಿಮ್ಮನ್ನು ನೋಡಿಕೊಂಡ. ಮನೆಯಲ್ಲಿ ಅಮ್ಮನನ್ನೂ ಅವನು ಹೀಗೆಯೇ ನೋಡಿಕೊಳ್ಳುತ್ತಿರಬಹುದು. ಎರಡು ದಿನವಾದರೂ ಆ ಕೆಲಸದಿಂದ ಅವನಿಗೆ ಬಿಡುವು ಸಿಗಬೇಕಿತ್ತು." ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಅರ್ಧ ವಯಸ್ಸೂ ಆಗದವಳು ನನ್ನ ದುಃಖದ ಬಗ್ಗೆ ಹೇಳಲು ಯಾರು ಅನ್ನಿಸಿತು. ಅವಳ ಮಾತು ನಿಜವೆಂದು ಒಪ್ಪಿಕೊಳ್ಳಲು ನನಗೆ ಆ ರಾತ್ರಿ ಪೂರ್ತಿ ಬೇಕಾಯಿತು.

ಈಗ ನನಗೆ ತಿಳಿಯಬೇಕಾದದ್ದು ಮೂರು ಸಂಗತಿಗಳು. ಮಕ್ಕಳ ದುಃಖದ ಎದುರು ತಲೆಬಾಗಿಯೂ ಒಂದು ತಂಡದ ಮುಂದೆ ನಿಲ್ಲುವುದು ಹೇಗೆ? ನನ್ನ ತಂಡದಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ, ಮಗನನ್ನೇ ಕಳೆದುಕೊಂಡವರು. ಅವರು ಹುಡುಗರಿಗೆ ಬಹಳ ಉಪದೇಶ ಮಾಡುತ್ತಾರೆ. ಅವರಿಗೆ ನೋವಾಗದಂತೆ ಇದನ್ನು ಹೇಳುವ ಬಗೆ ಯಾವುದು? ಮೂರನೆಯದು, ಈ ಬಾರಿ ಬರುವ ಹುಡುಗರಲ್ಲಿ ಒಬ್ಬ ಕನ್ನಡದ ಮನೆಯವನು, ಅಪ್ಪನನ್ನು ಕಳೆದುಕೊಂಡವನು. ಅವನ ತಾಯಿ, ಸಾಧ್ಯವಾದರೆ ಅವನೊಡನೆ ಕನ್ನಡದಲ್ಲಿ ಮಾತನಾಡಿ ಎಂದಿದ್ದಾರೆ. ಸಾವಿನ ಬಗ್ಗೆ ಮಗುವಿನೊಡನೆ ಮಾತನಾಡಲು ನನ್ನ ಬಳಿ ಕನ್ನಡದ ಮಾತುಗಳೇ ಇಲ್ಲವೆಂದು ಆಗ ಗೊತ್ತಾಯಿತು.

ಉತ್ತರ 1 (ಮಕ್ಕಳ ಆಪ್ತಸಮಾಲೋಚಕಿ, ಬೆಂಗಳೂರು)

ನೀವು ಅತ್ತದ್ದನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಹಿರಿಯರ ಕಣ್ಣಲ್ಲಿ ನೀರು ಬರುವುದನ್ನು ಕಂಡ ಮಗುವಿಗೆ ಅಳುವುದಕ್ಕೆ ಅನುಮತಿ ಸಿಕ್ಕಂತಾಗುತ್ತದೆ. ನೋಡಬೇಕಾದದ್ದು, ಅತ್ತ ಮೇಲೆ ಆ ವೃತ್ತ ಯಾರ ಸುತ್ತ ತಿರುಗಿತು ಎಂಬುದನ್ನು. ನನ್ನ ಸ್ವಂತ ಕತೆಯನ್ನು ಮಗುವಿನ ಮುಂದೆ ಇಡುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಹೇಳಿ ಮುಗಿಸಿದ ಮೇಲೆ ಈ ಮಗು ನನಗಾಗಿ ಮಾಡಬೇಕಾದ ಕೆಲಸ ಏನಾದರೂ ಉಳಿಯುತ್ತದೆಯೇ? ಸಮಾಧಾನ ಹೇಳುವುದು, ನನ್ನ ಮುಖ ನೋಡುತ್ತ ಕೂರುವುದು, ತನ್ನ ಮಾತನ್ನು ನುಂಗಿಕೊಳ್ಳುವುದು, ಇವೆಲ್ಲ ಕೆಲಸಗಳೇ. ಉಳಿಯುತ್ತದೆ ಅನ್ನಿಸಿದರೆ ಆ ಕತೆಯನ್ನು ನನ್ನ ಸಹೋದ್ಯೋಗಿಗಳ ಬಳಿ ಹೇಳಿಕೊಳ್ಳುತ್ತೇನೆ. "ನನ್ನ ತಂದೆಯೂ ತೀರಿಕೊಂಡಿದ್ದಾರೆ" ಎಂಬ ಒಂದು ವಾಕ್ಯ ಹೇಳಿ ನಿಲ್ಲಿಸಿದ್ದರೆ ನಿಮ್ಮ ಹುಡುಗನಿಗೆ ಅದು ಸಾಕಾಗುತ್ತಿತ್ತು. ಮುಂದಿನದು ಬೇಕಿದ್ದರೆ ಅವನೇ ಕೇಳುತ್ತಿದ್ದ.

ನಿಮ್ಮ ಪಕ್ಕದ ರಾಜ್ಯವಾದ ಆರೆಗನ್‌ನ ಪೋರ್ಟ್‌ಲೆಂಡಿನಲ್ಲಿ 'ಡಗಿ ಸೆಂಟರ್' ಎಂಬ ಸಂಸ್ಥೆ 1982ರಿಂದ ಇದೆ. ದುಃಖದಲ್ಲಿರುವ ಮಕ್ಕಳನ್ನು ಗುಂಪಿನಲ್ಲಿ ಸೇರಿಸುವ ಕೆಲಸಕ್ಕೆ ಅದು ಒಂದು ಮಾದರಿಯಾಯಿತು. ಅದು ಹುಟ್ಟಿದ ಬಗೆ ನಿಮ್ಮ ಮೊದಲ ಪ್ರಶ್ನೆಗೆ ಹತ್ತಿರವಾಗಿದೆ. ಡಗಿ ಎಂಬ ಹದಿಮೂರು ವರ್ಷದ ಹುಡುಗನಿಗೆ ಮೆದುಳಿನಲ್ಲಿ ಗೆಡ್ಡೆ ಇತ್ತು. ಸಾವಿನ ಬಗ್ಗೆ ತನಗೆ ಇದ್ದ ಪ್ರಶ್ನೆಗಳನ್ನು ಅವನು ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆಗೆ ನೇರವಾಗಿ ಪತ್ರ ಬರೆದು ಕೇಳಿದ್ದ. ಅವನು ಮತ್ತು ಅವನಂತೆಯೇ ಕಾಯಿಲೆಯಲ್ಲಿದ್ದ ಇತರ ಮಕ್ಕಳು ದೊಡ್ಡವರ ನೆರವಿಲ್ಲದೆ ಒಬ್ಬರಿಗೊಬ್ಬರು ಆಸರೆಯಾಗುವುದನ್ನು ಬೆವರ್ಲಿ ಚಾಪೆಲ್ ಎಂಬವರು ಕಂಡರು. ಅವನು ತೀರಿಕೊಂಡ ಬಳಿಕ ಆ ಸಂಸ್ಥೆಯನ್ನು ಕಟ್ಟಿದವರು ಅವರೇ. ದೊಡ್ಡವರು ಏನನ್ನೋ ಕಲಿಸಲು ಹೊರಟು ಹುಟ್ಟಿದ ಕೆಲಸ ಅದಲ್ಲ, ಮಕ್ಕಳಿಗೆ ಮೊದಲೇ ಗೊತ್ತಿದ್ದದ್ದನ್ನು ದೊಡ್ಡವರೊಬ್ಬರು ಸುಮ್ಮನೆ ನಿಂತು ನೋಡಿದ್ದರಿಂದ ಹುಟ್ಟಿದ್ದು. ಅಂಥ ಗುಂಪುಗಳಲ್ಲಿ ಮಗು ತನ್ನ ಸರದಿ ಬಂದಾಗ 'ಪಾಸ್' ಎಂದು ಹೇಳಿ ಬಿಡಬಹುದು, ಕಾರಣ ಕೊಡಬೇಕಾಗಿಲ್ಲ. ಈ ಹಕ್ಕು ಇದೆಯೆಂದು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಅವರು ನಂಬುವುದು ಕಷ್ಟ. ಮೊದಲ ಸುತ್ತಿನಲ್ಲಿ ತಂಡದ ಮುಖ್ಯಸ್ಥರಾದ ನೀವೇ ಒಮ್ಮೆ 'ಪಾಸ್' ಹೇಳಿ. ಹೇಳಿದ ಮೇಲೆ ಯಾರೂ ನಿಮ್ಮನ್ನು ಒತ್ತಾಯಿಸದಿರುವುದನ್ನು ಹುಡುಗರು ಕಣ್ಣಾರೆ ನೋಡಲಿ.

ಮಕ್ಕಳ ದುಃಖ ದೊಡ್ಡವರ ದುಃಖದಂತೆ ಹರಿಯುವುದಿಲ್ಲ. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವವರು ಬಳಸುವ ಒಂದು ಹೋಲಿಕೆ ನಮಗೂ ಚೆನ್ನಾಗಿ ಒಗ್ಗುತ್ತದೆ. ದೊಡ್ಡವರು ಹೊಳೆಯ ನಡುವೆ ಸಿಕ್ಕಿಕೊಂಡವರಂತೆ ಇದ್ದರೆ, ಮಕ್ಕಳು ಮಳೆಗಾಲದಲ್ಲಿ ನೀರು ನಿಂತ ಗುಂಡಿಯೊಳಕ್ಕೆ ಧುಮುಕಿ ಮರುಗಳಿಗೆಯಲ್ಲಿ ಹೊರಗೆ ಹಾರುತ್ತಾರೆ. "ಅಪ್ಪನ ದೇಹವನ್ನು ಸುಡುವಾಗ ಅವರಿಗೆ ನೋವಾಯಿತೇ" ಎಂದು ಕೇಳಿದ ಮಗು, ನೀವು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಊಟಕ್ಕೆ ಏನಿದೆ ಎಂದು ಕೇಳೀತು. ಆಗ ಊಟಕ್ಕೆ ಏನಿದೆ ಎಂಬುದನ್ನು ಹೇಳಿ. ಹೊರಗೆ ಬಂದವನನ್ನು ಕೈಹಿಡಿದು ಮತ್ತೆ ನೀರಿಗೆ ಇಳಿಸಬೇಡಿ. ಉತ್ತಮ ಮನಸ್ಸಿನ ಸ್ವಯಂಸೇವಕರು ಹೆಚ್ಚಾಗಿ ಎಡವುವುದು ಇಲ್ಲಿಯೇ, ಏಕೆಂದರೆ ಮಗು ಬಾಯಿ ಬಿಟ್ಟ ಗಳಿಗೆ ಕೈತಪ್ಪಿ ಹೋಗುತ್ತದೆಯೆಂಬ ಆತಂಕ ಅವರಿಗೆ ಇರುತ್ತದೆ. ಆ ಗಳಿಗೆ ನಮ್ಮದೆಂದು ಭಾವಿಸುವುದರಿಂದ ಆ ಆತಂಕ ಬರುತ್ತದೆ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2021ರ ಎರಡನೆಯ ಅಲೆಯ ನಂತರ, ಕೋವಿಡ್‌ನಿಂದ ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳೊಡನೆ ನಾನು ಬಹಳ ತಿಂಗಳು ಮಾತನಾಡಿದೆ, ಹೆಚ್ಚಿನದು ಫೋನಿನಲ್ಲಿ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆಯನ್ನು ಕರ್ನಾಟಕ ಸರ್ಕಾರ ಆ ವರ್ಷವೇ ತಂದಿತು, ಅದು ಬೇಕಾಗಿದ್ದ ನೆರವು. ಆದರೆ ಆ ಮಕ್ಕಳ ತಲೆಯೊಳಗೆ ನಡೆಯುತ್ತಿದ್ದ ಲೆಕ್ಕಾಚಾರ ಬೇರೆಯೇ ಆಗಿತ್ತು. ಒಬ್ಬ ಹುಡುಗಿ, ತಾನು ಐಸ್‌ಕ್ರೀಮ್ ಕೇಳಿದ್ದರಿಂದ ಅಮ್ಮ ಅಂಗಡಿಗೆ ಹೋದರು, ಅಲ್ಲಿ ಸೋಂಕು ತಗುಲಿತು, ಆದ್ದರಿಂದ ಅಮ್ಮನ ಸಾವಿಗೆ ತಾನೇ ಕಾರಣ ಎಂದು ನಂಬಿದ್ದಳು. ಇಂಥ ಮಾತು ಕೇಳಿದ ಕೂಡಲೇ "ಛೆ, ಹಾಗೆಲ್ಲ ಯೋಚಿಸಬೇಡ, ಅದು ನಿನ್ನ ತಪ್ಪಲ್ಲ" ಎನ್ನಲು ನಾಲಗೆ ತುದಿಗೆ ಬರುತ್ತದೆ. ಹಾಗೆ ಅಂದರೆ ಮಗು ಬಾಯಿ ಮುಚ್ಚುತ್ತದೆ, ನಂಬಿಕೆ ಒಳಗೇ ಉಳಿಯುತ್ತದೆ. ಅವಳ ಲೆಕ್ಕವನ್ನು ಪೂರ್ತಿ ಕೇಳಬೇಕು: ಯಾವ ದಿನ ಕೇಳಿದೆ, ಅಮ್ಮ ಏನಂದರು, ಜ್ವರ ಯಾವಾಗ ಬಂತು. ಪೂರ್ತಿ ಕೇಳಿದ ಮೇಲೆ, ವೈರಸ್ ಎಂದರೇನು, ಅದು ಎಲ್ಲೆಲ್ಲಿಂದ ಬರಬಹುದಿತ್ತು ಎಂಬುದನ್ನು ಸರಳವಾಗಿ ವಿವರಿಸಬೇಕು. ಆ ಹುಡುಗಿಗೆ ಅದನ್ನು ಮೂರು ಬೇರೆ ಬೇರೆ ದಿನ ಹೇಳಬೇಕಾಯಿತು, ಮೂರನೆಯ ಸಲ ಅವಳು ಅತ್ತಳು.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವ ಯಾರಿಗಾದರೂ ಮನೆಯ ಮಗುವಿನ ಬಗ್ಗೆ ಕಳವಳವಿದ್ದರೆ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉತ್ತರ 2 (ವರ್ಜೀನಿಯಾದಲ್ಲಿ ಇಂಥದೇ ಶಿಬಿರಗಳಲ್ಲಿ ಸ್ವಯಂಸೇವಕಿ)

ಮೇಲಿನ ಉತ್ತರವನ್ನು ಮನಸಾರೆ ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆ ಸೇರಿಸಬೇಕು ಅನ್ನಿಸಿತು. ನಾನಿರುವ ರಾಜ್ಯದಲ್ಲಿ, ಬಾಲ್ಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದ ಲಿನ್ ಹ್ಯೂಸ್ ಎಂಬವರು 1998ರಲ್ಲಿ 'ಕಂಫರ್ಟ್ ಜೋನ್ ಕ್ಯಾಂಪ್' ಆರಂಭಿಸಿದರು. ಅಲ್ಲಿ ಪ್ರತಿಯೊಂದು ಮಗುವಿಗೂ ವಾರಾಂತ್ಯವಿಡೀ ಜೊತೆಗಿರುವ ಒಬ್ಬ 'ಬಿಗ್ ಬಡ್ಡಿ' ಇರುತ್ತಾರೆ. ಇಂಥ ಶಿಬಿರಗಳನ್ನು ಹಲವು ವರ್ಷ ಕಂಡ ನನಗೆ, ವಿನಯದ ಹೆಸರಿನಲ್ಲಿ ಮುಖ್ಯಸ್ಥರು ನಿರ್ಧಾರಗಳಿಂದ ಜಾರಿಕೊಳ್ಳುವುದು ಕಾಣಿಸಿದೆ. ನಾನೇ ಹಾಗೆ ಮಾಡಿದ್ದೇನೆ.

ಮೊದಲ ಬಾರಿ ತಂಡದ ಹೊಣೆ ಬಂದಾಗ ನಾನು ಎಲ್ಲವನ್ನೂ ಎಲ್ಲರನ್ನೂ ಕೇಳಿ ಮಾಡಿದೆ. ಎಷ್ಟು ಗಂಟೆಗೆ ಮಲಗೋಣ, ಯಾರು ಬಾಗಿಲ ಬಳಿ ಇರೋಣ, ಯಾವ ಆಟ ಆಡೋಣ, ಹೀಗೆ. ಅದು ಸೌಜನ್ಯವೆಂದು ನನಗೆ ಅನ್ನಿಸಿತ್ತು. ಆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಎಂಟು ವರ್ಷದ ಒಬ್ಬ ಹುಡುಗಿ ಬಾಗಿಲ ಹತ್ತಿರ ಕಂಬಳಿ ಹೊದ್ದು ಕುಳಿತಿದ್ದಳು. ಅವಳ ಅಮ್ಮ ನಿದ್ದೆಯಲ್ಲಿ ತೀರಿಕೊಂಡಿದ್ದರು. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಇಲ್ಲಿ ರಾತ್ರಿ ಎಚ್ಚರವಾಗಿರುವವರು ಯಾರು?" ಆ ಪ್ರಶ್ನೆಗೆ ನಮ್ಮ ಕ್ಯಾಬಿನ್ನಿನಲ್ಲಿ ಉತ್ತರವೇ ಇರಲಿಲ್ಲ, ಏಕೆಂದರೆ ಅದನ್ನು ನಾನು ಯಾರಿಗೂ ವಹಿಸಿರಲಿಲ್ಲ.

ಮನೆಯ ಆಧಾರಸ್ತಂಭವೇ ಕುಸಿದದ್ದನ್ನು ನೋಡಿದ ಮಕ್ಕಳು ಇವರು. ನಿಯಮಗಳು ಗಟ್ಟಿಯಾಗಿರುವುದು ಅವರಿಗೆ ಒಂದು ಬಗೆಯ ಸಾಂತ್ವನ. ಮಗುವಿನೊಡನೆ ಯಾವ ಸ್ವಯಂಸೇವಕರೂ ಇತರರ ಕಣ್ಣಿಗೆ ಬೀಳದಂತೆ ಒಂಟಿಯಾಗಿರಬಾರದು. "ನಾನೂ ಅಪ್ಪನ ಹತ್ತಿರ ಹೋಗಬೇಕು" ಎಂದು ಮಗು ಹೇಳಿದರೆ ಅದನ್ನು ಗುಟ್ಟಾಗಿಡುತ್ತೇನೆಂದು ಮಾತು ಕೊಡದೆ, ಶಿಬಿರದ ಆಪ್ತಸಮಾಲೋಚಕರಿಗೆ ಆಗಲೇ ತಿಳಿಸಬೇಕು. ಇವುಗಳಲ್ಲಿ ಚರ್ಚೆಗೆ ಅವಕಾಶ ಕೊಡಬೇಡಿ, ಎಷ್ಟೇ ಹಿರಿಯರು ಎದುರಿಗಿದ್ದರೂ.

ನಿಮ್ಮ ತಂಡದ ಹಿರಿಯರ ವಿಷಯಕ್ಕೆ ಬಂದರೆ, ಶಿಬಿರದ ನಡುವೆ ಮಕ್ಕಳ ಎದುರು ತಿದ್ದಬೇಡಿ, ಶಿಬಿರಕ್ಕೆ ಮೊದಲೇ ಅವರ ಮನೆಗೆ ಹೋಗಿ ಮಾತನಾಡಿ. ಕಳೆದ ವರ್ಷ ನಿಮಗೆ ಆ ಹುಡುಗಿ ಹೇಳಿದ್ದನ್ನು ಮೊದಲು ಹೇಳಿ, ನಿಮಗೆ ಸಿಟ್ಟು ಬಂದದ್ದನ್ನೂ ಬಿಡದೆ ಹೇಳಿ. ಆಮೇಲೆ ಅವರ ಮಗನ ಬಗ್ಗೆ ಕೇಳಿ, ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳಿ. ಮಗನ ಹೆಸರನ್ನು ಹೇಳಲು ಬೇರೆ ಎಲ್ಲಿಯೂ ಸಂದರ್ಭ ಸಿಗದವರು ಶಿಬಿರದ ಹುಡುಗರ ಮುಂದೆ ಹೆಚ್ಚು ಮಾತನಾಡುವುದನ್ನು ನಾನು ಕಂಡಿದ್ದೇನೆ. ಆ ಮಾತಿಗೆ ಬೇರೆ ಜಾಗ ಸಿಕ್ಕರೆ ಉಪದೇಶ ತಾನಾಗಿ ಕಡಿಮೆಯಾದೀತು. ಆಗದಿದ್ದರೆ, ವೃತ್ತದ ಹೊತ್ತಿನಲ್ಲಿ ಅವರಿಗೆ ದೀಪಗಳ ಚೌಕಟ್ಟು ಕಟ್ಟುವ ಕೆಲಸ ಕೊಡಿ, ಅದು ಕಡಿಮೆ ಕೆಲಸವಲ್ಲವೆಂದು ಅವರಿಗೆ ಗೊತ್ತಾಗುವಂತೆ ನೀವೂ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳಿ.

ಕೊನೆಯದಾಗಿ, ಹಾಸಿಗೆ ಒದ್ದೆ ಮಾಡಿಕೊಳ್ಳುವ ಹುಡುಗರು ಇದ್ದೇ ಇರುತ್ತಾರೆ. ಬೆಳಗಿನ ಜಾವ ಬೇರೆಯವರು ಏಳುವ ಮೊದಲು ಆ ಹಾಸು ಬದಲಿಸುವ ಕೆಲಸವನ್ನು ನೀವೇ ಇಟ್ಟುಕೊಳ್ಳಿ.

ಉತ್ತರ 3 (ಕೊಡಗಿನ ಶಾಲಾ ಶಿಕ್ಷಕರು)

ಮೂರನೆಯ ಪ್ರಶ್ನೆಗೆ ನನ್ನ ಅನುಭವದಿಂದ ಸ್ವಲ್ಪ ಹೇಳಬಲ್ಲೆ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದಾಗ ಮಕ್ಕಳು ಪರಿಹಾರ ಕೇಂದ್ರಗಳಲ್ಲಿ ವಾರಗಟ್ಟಲೆ ಇದ್ದರು. ನಾವು ಕೆಲವು ಶಿಕ್ಷಕರು ಅವರಿಗಾಗಿ ಚಿತ್ರ, ಆಟ, ಕತೆ ಎಂದು ಹಗಲು ಹೊತ್ತು ಏನೋ ನಡೆಸುತ್ತಿದ್ದೆವು. ನಮಗೆ ತರಬೇತಿ ಇರಲಿಲ್ಲ, ಇದ್ದದ್ದು ಒಂದಿಷ್ಟು ಬಣ್ಣದ ಪೆನ್ಸಿಲುಗಳು.

ಸಾವನ್ನು ಹೆಸರಿಸದಿರಲು ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಹೋಗಿಬಿಟ್ಟರು, ದೇವರ ಪಾದ ಸೇರಿದರು, ನಕ್ಷತ್ರವಾದರು, ಕಣ್ಮುಚ್ಚಿದರು. ದೊಡ್ಡವರ ನಡುವೆ ಇವು ಮರ್ಯಾದೆಯ ಮಾತುಗಳು. ಆರು ವರ್ಷದ ಮಗುವಿಗೆ, ಹೋದವರು ಬರುತ್ತಾರೆ ಮತ್ತು ಕಣ್ಣು ಮುಚ್ಚಿದವರು ತೆರೆಯುತ್ತಾರೆ. ಅದಕ್ಕಿಂತ ಕಷ್ಟದ ಮಾತೊಂದಿದೆ. ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಕೇಂದ್ರದಲ್ಲಿದ್ದ ಒಬ್ಬ ಹುಡುಗ ಪ್ರತಿದಿನ ಸಂಜೆ ಗೇಟಿನ ಬಳಿ ನಿಲ್ಲುತ್ತಿದ್ದ. ಕೊಟ್ಟಿಗೆ ನೋಡಿಕೊಂಡು ಬರಲು ಹೊರಟ ಅಪ್ಪ ಅವನಿಗೆ "ಬರ್ತೇನೆ" ಎಂದು ಹೇಳಿ ಹೋಗಿದ್ದರು. ಅಪ್ಪ ಸುಳ್ಳು ಹೇಳುವವರಲ್ಲ ಎಂದು ಅವನು ನನ್ನೊಡನೆ ವಾದಿಸಿದ. ಅವನ ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನಾನು ಅವನ ಪಕ್ಕದಲ್ಲಿ ಗೇಟಿನ ಬಳಿ ಎಷ್ಟೋ ಸಂಜೆ ನಿಂತೆ. ಒಂದು ದಿನ ಅವನೇ "ಸತ್ತುಹೋಗಿದ್ದಾರಾ ಸಾರ್" ಎಂದು ಕೇಳಿದ. ಅಷ್ಟು ಹೊತ್ತಿಗೆ ದೇಹ ಸಿಕ್ಕಿ ಮನೆಯವರು ಸಂಸ್ಕಾರ ಮಾಡಿದ್ದರು, ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನ ಚಿಕ್ಕಪ್ಪನನ್ನು ಕರೆಸಿ, ಅವರ ಎದುರಿಗೇ "ಹೌದು, ಸತ್ತುಹೋಗಿದ್ದಾರೆ, ಮಣ್ಣಿನಡಿ ಸಿಕ್ಕಿ ಅವರ ಉಸಿರು ನಿಂತಿತು, ಬರಬೇಕೆಂದು ಅವರಿಗೆ ಇತ್ತು, ಬರಲು ಆಗಲಿಲ್ಲ" ಎಂದೆ. ನೀವು 'ಸತ್ತರು' ಎಂಬ ಪದ ಬಳಸಲು ಹಿಂಜರಿಯುತ್ತೀರಿ ಎಂದು ಊಹಿಸುತ್ತೇನೆ, ನನಗೂ ಅದು ಒರಟು ಅನ್ನಿಸುತ್ತಿತ್ತು. 'ತೀರಿಕೊಂಡರು' ಎಂದರೂ ಸರಿ, ಆದರೆ ಆ ಪದದ ಅರ್ಥ ಮಗುವಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿ. ಅಮೆರಿಕದಲ್ಲಿ ಬೆಳೆದ ಹುಡುಗನಿಗೆ ಗೊತ್ತಿರದೆ ಇರಬಹುದು. ಅದಕ್ಕೂ ಮೊದಲು, ಅವನ ಮನೆಯಲ್ಲಿ ಯಾವ ಪದ ಬಳಸುತ್ತಾರೆ, ಅವನಿಗೆ ಇದುವರೆಗೆ ಏನು ಹೇಳಿದ್ದಾರೆ ಎಂದು ತಾಯಿಯನ್ನು ಕೇಳಿ ತಿಳಿದುಕೊಳ್ಳಿ. ಅವನು ಕನ್ನಡದಲ್ಲೇ ಮಾತನಾಡಬೇಕೆಂದು ನಿರೀಕ್ಷಿಸಬೇಡಿ. ಅಪ್ಪನ ಭಾಷೆಯೇ ಅವನಿಗೆ ಈಗ ಹೆಚ್ಚು ನೋಯುತ್ತಿರಬಹುದು.

ಉತ್ತರ 4 (ತೀರ್ಥಹಳ್ಳಿ ಕಡೆಯವರು)

ನಾನು ಯಾವ ಶಿಬಿರವನ್ನೂ ನಡೆಸಿದವನಲ್ಲ. ಹತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಮೂವತ್ತೆಂಟು ವರ್ಷಗಳ ಹಿಂದಿನ ಮಾತು. ಮಣ್ಣಿನ ಮಡಕೆ ಹೆಗಲ ಮೇಲಿಟ್ಟುಕೊಂಡು ಚಿತೆಯನ್ನು ಸುತ್ತಿದವನು ನಾನೇ. ಅಂದು ನನ್ನ ಕಿವಿಗೆ ಬಿದ್ದ ಮಾತುಗಳೆಲ್ಲ ಒಂದೇ ಬಗೆಯವು: ಗಂಡುಮಗ ಅಳಬಾರದು, ಇನ್ನು ಮೇಲೆ ಮನೆಗೆ ನೀನೇ ಯಜಮಾನ, ಅಮ್ಮನಿಗೆ ಧೈರ್ಯ ಹೇಳು. ಹೇಳಿದವರೆಲ್ಲ ನಮ್ಮನ್ನು ಪ್ರೀತಿಸುತ್ತಿದ್ದವರೇ. ಹದಿಮೂರನೆಯ ದಿನದ ಊಟ ಮುಗಿಸಿ ಅವರು ಹೊರಟುಹೋದರು, ನಾನು ಯಜಮಾನನಾಗಿ ಉಳಿದೆ. ನಿಮ್ಮ ಆ ಸ್ವಯಂಸೇವಕಿಯ ಮಾತು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ವರ್ಷ ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದರು. ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬ ಮುದುಕಿ ತನ್ನ ಪಕ್ಕದಲ್ಲಿ ನನಗೆ ಒಂದು ಗೋಣಿಚೀಲ ಹಾಸುತ್ತಿದ್ದಳು. ಬಾ ಎಂದು ಕರೆದವಳಲ್ಲ, ಚೀಲ ಹಾಸಿ ತನ್ನ ಪಾಡಿಗೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿ ನನಗೆ ಕೊಡುತ್ತಿರಲಿಲ್ಲ, ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುವ ಕೆಲಸ ನನ್ನದು. ಎಷ್ಟೋ ರಾತ್ರಿ ಒಂದು ಮಾತೂ ಇಲ್ಲ. ಇದ್ದಕ್ಕಿದ್ದಂತೆ ಒಂದು ದಿನ, "ನಿಮ್ಮಪ್ಪನಿಗೆ ಕಡು ಕಾಫಿ ಆಗ್ತಿತ್ತು, ಸಕ್ಕರೆ ಬೇಡ ಅಂತಿದ್ರು" ಎಂದಳು. ಮನೆಯಲ್ಲಿ ಅಪ್ಪನ ಹೆಸರೆತ್ತಿದರೆ ಅಮ್ಮ ಅಳುತ್ತಿದ್ದರು, ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ಆ ಅಂಗಳದಲ್ಲಿ ಮಾತ್ರ ಅಪ್ಪ ಕಾಫಿ ಕುಡಿಯುವ ಮನುಷ್ಯರಾಗಿ ಮತ್ತೆ ಕಾಣಿಸುತ್ತಿದ್ದರು. ನನ್ನಿಂದ ಅವಳು ಏನನ್ನೂ ಕೇಳಲಿಲ್ಲ. ನಿದ್ದೆ ಬಂದರೆ ಚೀಲದ ಮೇಲೆಯೇ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದಾಗ ಅವಳ ಕಂಬಳಿ ನನ್ನ ಮೇಲೆ ಇರುತ್ತಿತ್ತು.

ನಿಮ್ಮ ಹುಡುಗ ಕಲ್ಲು ಹಾರಿಸುತ್ತಿದ್ದ ಅಂದಿರಿ. ಅವನ ಜೊತೆ ನೀವೂ ಕಲ್ಲು ಹಾರಿಸಿದಿರಾ?

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ತೀರ್ಥಹಳ್ಳಿಯವರ ಪ್ರಶ್ನೆಗೆ ನನ್ನ ಉತ್ತರ, ಇಲ್ಲ. ನಾನು ದಡದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಅವನು ಯಾವಾಗ ಮಾತನಾಡಿಯಾನು ಎಂದು ಕಾಯುತ್ತಿದ್ದೆ. ಅವನಿಗೂ ಅದು ಗೊತ್ತಾಗಿರಬೇಕು.

ಕಳೆದ ಶನಿವಾರ ಆ ಹಿರಿಯರ ಮನೆಗೆ ಹೋಗಿದ್ದೆ. ನನ್ನ ತಪ್ಪನ್ನು ಹೇಳಿದೆ, ಅವರ ಮಗನ ಬಗ್ಗೆ ಕೇಳಿದೆ. ಮೂರು ಗಂಟೆ ಮಾತನಾಡಿದರು. ಉಪದೇಶದ ವಿಷಯ ಎತ್ತಲು ನನಗೆ ಆ ದಿನ ಆಗಲಿಲ್ಲ. ಹೊರಡುವಾಗ ಅವರೇ, ವೃತ್ತದಲ್ಲಿ ತಾನು ಹೆಚ್ಚು ಮಾತನಾಡಿದರೆ ಕಣ್ಣಿನಲ್ಲೇ ಸೂಚಿಸು ಎಂದರು. ಕಳೆದ ವರ್ಷ ನನ್ನನ್ನು ತಿದ್ದಿದ ಹುಡುಗಿಯನ್ನು ಈ ಬಾರಿ ತಂಡದ ತರಬೇತಿಯ ಮೊದಲ ಅರ್ಧ ಗಂಟೆ ಮಾತನಾಡಲು ಕೇಳಿದ್ದೇನೆ, ಒಪ್ಪಿದ್ದಾಳೆ. ನನ್ನ ವಿಷಯವನ್ನು ಹೆಸರು ಸಹಿತ ಉದಾಹರಣೆಯಾಗಿ ಹೇಳಬಹುದೆಂದು ತಿಳಿಸಿದ್ದೇನೆ.

ಕನ್ನಡದ ಹುಡುಗನ ತಾಯಿಯೊಡನೆಯೂ ಮಾತನಾಡಿದೆ. ಅವರ ಮನೆಯಲ್ಲಿ 'ತೀರಿಕೊಂಡರು' ಎನ್ನುತ್ತಾರೆ, ಅವನಿಗೆ ಅದರ ಅರ್ಥ ಗೊತ್ತಿದೆ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ರಾತ್ರಿ, ಆಗ ಅವನು ಪಕ್ಕದ ಮನೆಯಲ್ಲಿ ಮಲಗಿದ್ದನಂತೆ. ಶಿಬಿರದ ಬಗ್ಗೆ ಅವನು ಇದುವರೆಗೆ ಕೇಳಿರುವುದು ಎರಡೇ ಪ್ರಶ್ನೆ: ರಾತ್ರಿ ಅಲ್ಲಿ ದೀಪ ಇರುತ್ತದೆಯೇ, ಅಮ್ಮನಿಗೆ ಫೋನ್ ಮಾಡಲು ಬಿಡುತ್ತಾರೆಯೇ. ಫೋನಿನ ವಿಷಯವನ್ನು ಶಿಬಿರದವರೊಡನೆ ಕೇಳಿ ತಿಳಿಸುತ್ತೇನೆಂದು ಹೇಳಿದ್ದೇನೆ. ಕ್ಯಾಬಿನ್ನಿನ ಬಾಗಿಲ ಬಳಿ ಹಚ್ಚಿಡಲು ಒಂದು ಸಣ್ಣ ದೀಪವನ್ನು ಇವತ್ತೇ ತಂದಿಟ್ಟೆ. ಶುಕ್ರವಾರ ರಾತ್ರಿ ಎರಡು ಗಂಟೆಯವರೆಗೆ ನಾನು, ಆಮೇಲೆ ಬೆಳಗಿನವರೆಗೆ ಆ ಹಿರಿಯರು ಎಚ್ಚರವಾಗಿರುವುದೆಂದು ಪಾಳಿ ಹಂಚಿಕೊಂಡಿದ್ದೇವೆ, ಅದನ್ನು ಮಲಗುವ ಮೊದಲು ಹುಡುಗರೆಲ್ಲರಿಗೂ ಹೇಳುತ್ತೇವೆ.